ಪಟ್ಟೆ ಪಟ್ಟೆ ಸೂಟ್ ತೊಟ್ಟರೆ ಶಾರ್ಕ್ ಹತ್ತಿರ ಬರುವುದಿಲ್ಲವೇ?

ಜೀಬ್ರಾದ ಹಾಗೆ ಮೈತುಂಬ ಕಪ್ಪು-ಬಿಳಿ ಪಟ್ಟೆಯಿರುವ ಸೂಟ್ ತೊಟ್ಟ ಮನುಷ್ಯನೊಬ್ಬ ಸಮುದ್ರದಲ್ಲಿದ್ದಾನೆ. ‘ಈ ಬಟ್ಟೆ ಹಾಕಿಕೊಂಡರೆ ಶಾರ್ಕ್ ಮುಟ್ಟುವುದೇ ಇಲ್ಲ, ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ’ ಎಂಬ ಒಕ್ಕಣೆ ಅದರ ಜೊತೆಗಿದೆ. ಇಂಥದ್ದೊಂದು ಫೋಟೊ ಅಥವಾ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಲು ಮಜವಾಗಿದೆ, ಯಾರಿಗೂ ಕೆಡುಕಾಗುವಂತೆ ಕಾಣುವುದಿಲ್ಲ, ಆದ್ದರಿಂದ ಬೆರಳು ತಾನಾಗಿಯೇ ಫಾರ್ವರ್ಡ್ ಬಟನ್ ಒತ್ತುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೂಟ್ ಇರುವುದು ನಿಜ. ಅದರ ಹಿಂದೆ ವಿಜ್ಞಾನಿಗಳು ಇದ್ದದ್ದೂ ನಿಜ. ಶಾರ್ಕ್‌ನ ಕಣ್ಣಿನ ಬಗ್ಗೆ ಅವರು ಕಂಡುಕೊಂಡದ್ದೂ ನಿಜ. ಆದರೆ ‘ಶಾರ್ಕ್ ಮುಟ್ಟುವುದೇ ಇಲ್ಲ’ ಎಂಬ ಕೊನೆಯ ಮಾತಿಗೆ ಆಧಾರವಿಲ್ಲ. ಕಣ್ಣಿನ ವಿಜ್ಞಾನದಿಂದ ಬಟ್ಟೆಯ ಜಾಹೀರಾತಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಹಾರಿಕೆ ಇದೆ. ಅದು ಎಲ್ಲಿ ಆಯಿತು ಎಂದು ನೋಡೋಣ.

ವೆಟ್‌ಸೂಟ್ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಅದು ನಿಯೋಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನಿಂದ ಮಾಡಿದ, ಮೈಗೆ ಅಂಟಿಕೊಂಡಂತಿರುವ ಉಡುಗೆ. ಆ ರಬ್ಬರಿನೊಳಗೆ ಸಿಕ್ಕಿಕೊಂಡ ಪುಟ್ಟ ಅನಿಲದ ಗುಳ್ಳೆಗಳು ಮೈ ಶಾಖ ಹೊರಹೋಗದಂತೆ ಮಾಡಿ ಚಳಿಯನ್ನು ತಡೆಯುತ್ತವೆ. ಸಾಮಾನ್ಯವಾಗಿ ಅದರ ಬಣ್ಣ ಕಪ್ಪು. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರು ಇದನ್ನು ತೊಟ್ಟಿರುತ್ತಾರೆ.

ಹತ್ತು ತಿಂಗಳಲ್ಲಿ ಐದು ಸಾವು

ಕಥೆ ಶುರುವಾಗುವುದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿಯ ರಾಜಧಾನಿ ಪರ್ತ್‌ನವರಿಗೆ ಸಮುದ್ರವೆಂದರೆ ಪ್ರವಾಸದ ಜಾಗವಲ್ಲ, ಮನೆಯಂಗಳ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಈಜಿ ಬರುವವರು, ಭಾನುವಾರ ಸರ್ಫಿಂಗ್ ಹಲಗೆ ಹೊತ್ತು ಹೋಗುವವರು ಅಲ್ಲಿ ಮಾಮೂಲಿ. ಅಂಥ ಕಡೆ 2011ರ ಸೆಪ್ಟೆಂಬರ್‌ನಿಂದ 2012ರ ಜುಲೈ ನಡುವೆ ಐದು ಮಂದಿ ಶಾರ್ಕ್ ಕಚ್ಚಿ ಸತ್ತರು. ಜನ ನೀರಿಗೆ ಇಳಿಯಲು ಹೆದರತೊಡಗಿದರು, ಸರ್ಕಾರದ ಮೇಲೆ ಒತ್ತಡ ಬಂತು.

ಆ ಹೊತ್ತಿನಲ್ಲೇ ಹ್ಯಾಮಿಶ್ ಜೋಲಿ ಮತ್ತು ಕ್ರೇಗ್ ಆ್ಯಂಡರ್ಸನ್ ಎಂಬ ಇಬ್ಬರು ಉದ್ಯಮಿಗಳು, ಶಾರ್ಕ್‌ನ ಕಣ್ಣಿಗೆ ಬೀಳದಂಥ ಅಥವಾ ಅದಕ್ಕೆ ಇಷ್ಟವಾಗದಂಥ ವೆಟ್‌ಸೂಟ್ ಮಾಡಬಹುದೇ ಎಂದು ಯೋಚಿಸಿದರು. ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಶಾರ್ಕ್‌ಗಳ ದೃಷ್ಟಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಶಾನ್ ಕಾಲಿನ್ ಮತ್ತು ನೇಥನ್ ಹಾರ್ಟ್ ಅವರ ನೆರವು ಪಡೆದರು. 2013ರಲ್ಲಿ ಎರಡು ವಿನ್ಯಾಸಗಳು ಹೊರಬಂದವು. ‘ಎಲ್ಯೂಡ್’ ಎಂಬುದು ನೀಲಿ-ಬಿಳಿಯ ಅಲೆಯಲೆ ಚಿತ್ತಾರದ್ದು, ನೀರಿನಲ್ಲಿ ಕರಗಿಹೋಗಲಿಕ್ಕೆ. ‘ಡೈವರ್ಟರ್’ ಎಂಬುದು ಕಪ್ಪು-ಬಿಳಿ ಅಡ್ಡಪಟ್ಟೆಯದು, ‘ನಾನು ನಿನ್ನ ಊಟ ಅಲ್ಲ’ ಎಂದು ಶಾರ್ಕ್‌ಗೆ ಹೇಳಲಿಕ್ಕೆ. ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಈಗ ನಮ್ಮ ಫೋನಿಗೆ ಬರುವ ಫೋಟೊಗಳಲ್ಲಿ ಹಲವು ಆ ಕಾಲದವೇ.

ಸರ್ಕಾರ ಹಿಡಿದ ದಾರಿ ಬೇರೆ. 2014ರ ಜನವರಿಯಲ್ಲಿ ಅದು ಬೀಚ್‌ಗಳ ಆಚೆ ದೊಡ್ಡ ಗಾಳಗಳನ್ನು ಬಿಟ್ಟಿತು. ಮೂರು ಮೀಟರ್‌ಗಿಂತ ಉದ್ದದ ಶಾರ್ಕ್ ಸಿಕ್ಕರೆ ಕೊಲ್ಲುವುದು ಎಂಬ ಆದೇಶವಿತ್ತು. ಏಪ್ರಿಲ್ ಕೊನೆಯ ಹೊತ್ತಿಗೆ 172 ಶಾರ್ಕ್ ಸಿಕ್ಕವು, 68 ಸತ್ತವು. ಜನ ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಗ್ರೇಟ್ ವೈಟ್ ಶಾರ್ಕ್ ಅವುಗಳಲ್ಲಿ ಒಂದೂ ಇರಲಿಲ್ಲ. ಬಹುಪಾಲು ಟೈಗರ್ ಶಾರ್ಕ್‌ಗಳು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯದ ಪರಿಸರ ಸಂರಕ್ಷಣಾ ಪ್ರಾಧಿಕಾರವೇ ಈ ಯೋಜನೆ ಮುಂದುವರಿಸುವುದು ಬೇಡ ಎಂದಿತು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಪಟ್ಟೆ ಸೂಟನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಆದರೆ ಮನುಷ್ಯನೂ ಉಳಿಯಲಿ, ಶಾರ್ಕ್ ಕೂಡ ಉಳಿಯಲಿ ಎಂಬ ಆಸೆಯಿಂದ ಹುಟ್ಟಿದ್ದು ಅದು. ಆ ಆಸೆಯಲ್ಲಿ ತಪ್ಪಿಲ್ಲ. ನಮ್ಮ ಪ್ರಶ್ನೆ, ಅದು ಕೆಲಸ ಮಾಡುತ್ತದೆಯೇ ಎಂಬುದಷ್ಟೇ.

ಶಾರ್ಕ್‌ಗೆ ಬಣ್ಣ ಕಾಣುತ್ತದೆಯೇ?

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಎರಡು ಬಗೆಯ ಕೋಶಗಳಿರುತ್ತವೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ಮಂದ ಬೆಳಕಿಗೆ ದಂಡಕೋಶ, ಬಣ್ಣಕ್ಕೆ ಶಂಕುಕೋಶ. ಮನುಷ್ಯರಲ್ಲಿ ಶಂಕುಕೋಶ ಮೂರು ಬಗೆಯವು. ಅವು ಕಳಿಸುವ ಸಂಕೇತಗಳನ್ನು ಹೋಲಿಸಿ ನೋಡಿಯೇ ಮಿದುಳು ‘ಇದು ಕೆಂಪು, ಇದು ಹಸಿರು’ ಎನ್ನುವುದು. ಹೋಲಿಸಬೇಕಾದರೆ ಕನಿಷ್ಠ ಎರಡು ಬಗೆಯಾದರೂ ಬೇಕು.

2011ರಲ್ಲಿ ಹಾರ್ಟ್, ಕಾಲಿನ್ ಮತ್ತು ಜೊತೆಗಾರರು ಆಸ್ಟ್ರೇಲಿಯಾದ ಕಡಲಿನ 17 ಜಾತಿಯ ಶಾರ್ಕ್‌ಗಳ ರೆಟಿನಾ ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಹತ್ತು ಜಾತಿಗಳಲ್ಲಿ ಶಂಕುಕೋಶಗಳೇ ಸಿಗಲಿಲ್ಲ. ಉಳಿದ ಏಳರಲ್ಲಿ ಒಂದೇ ಬಗೆಯ ಶಂಕುಕೋಶ ಸಿಕ್ಕಿತು. ಹಾಗಾಗಿ ಹಲವು ಶಾರ್ಕ್‌ಗಳಿಗೆ ಬಹುಶಃ ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ, ಹಳೆಯ ಕಪ್ಪು-ಬಿಳುಪು ಟಿವಿಯ ಹಾಗೆ ಬರೀ ಬೆಳಕು-ನೆರಳು ಕಾಣುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಡೈವಿಂಗ್ ಮಾಡುವವರಲ್ಲಿ ‘ಯಮ್ ಯಮ್ ಯೆಲ್ಲೊ’ ಎಂಬ ಹಳೆಯ ತಮಾಷೆ ಮಾತಿದೆ. ಹಳದಿ ಬಟ್ಟೆ ಹಾಕಬೇಡಿ, ಶಾರ್ಕ್‌ಗೆ ಹಳದಿ ಎಂದರೆ ಬಾಯಲ್ಲಿ ನೀರು ಎಂದು ಅದರ ಅರ್ಥ. ಹಳದಿ ಮೋಸ ಮಾಡಿರಬಹುದು, ಆದರೆ ಅದು ಹಳದಿಯಾಗಿರುವುದರಿಂದ ಅಲ್ಲ. ನೀಲಿ ನೀರಿನ ಹಿನ್ನೆಲೆಯಲ್ಲಿ ಅದು ಹೊಳೆದು ಕಾಣುತ್ತದೆ, ಅಷ್ಟೇ. ಶಾರ್ಕ್‌ಗೆ ಮುಖ್ಯವಾದದ್ದು ಬಣ್ಣವಲ್ಲ, ಹಿನ್ನೆಲೆಗಿಂತ ವಸ್ತು ಎಷ್ಟು ಎದ್ದು ಕಾಣುತ್ತದೆ ಎಂಬುದು.

ಇಲ್ಲಿಯವರೆಗೆ ಎಲ್ಲವೂ ಸರಿ. ಇದು ಗಟ್ಟಿ ವಿಜ್ಞಾನ.

ಒಂದೇ ಅಂಗಡಿಯಲ್ಲಿ ಎರಡು ವಾದ

ಈಗ ಆ ಎರಡು ಸೂಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎದ್ದು ಕಾಣುವುದೇ ಅಪಾಯ ಎಂದಾದರೆ ನೀಲಿ-ಬಿಳಿಯ ಸೂಟ್ ಸರಿ, ಅದು ಕಾಣದಂತೆ ಮಾಡಲು ನೋಡುತ್ತದೆ. ಆದರೆ ಕಪ್ಪು-ಬಿಳಿ ಪಟ್ಟೆ? ಬಣ್ಣ ಕಾಣದ ಕಣ್ಣಿಗೆ ಅದಕ್ಕಿಂತ ಎದ್ದು ಕಾಣುವ ವಸ್ತು ಬೇರೊಂದಿಲ್ಲ. ಒಂದು ಸೂಟ್ ‘ಅಡಗಿಕೊ’ ಎನ್ನುತ್ತದೆ, ಇನ್ನೊಂದು ‘ಡಂಗುರ ಸಾರು’ ಎನ್ನುತ್ತದೆ. ಎರಡೂ ಬೇರೆಬೇರೆ ಸಂದರ್ಭಕ್ಕೆ ಸರಿಯಿರಬಹುದು, ಡೈವ್ ಮಾಡುವವರಿಗೆ ಒಂದು, ಸರ್ಫಿಂಗ್ ಮಾಡುವವರಿಗೆ ಇನ್ನೊಂದು. ಆದರೆ ಎರಡನ್ನೂ ‘ಶಾರ್ಕ್‌ನ ಕಣ್ಣಿನ ವಿಜ್ಞಾನ’ ಎಂಬ ಒಂದೇ ಮಾತು ಸಮರ್ಥಿಸಲಾರದು. ಪಟ್ಟೆ ಸೂಟ್‌ಗೆ ಇನ್ನೊಂದು ಊಹೆ ಬೇಕೇ ಬೇಕು: ಪಟ್ಟೆ ಕಂಡರೆ ಶಾರ್ಕ್ ಹಿಂಜರಿಯುತ್ತದೆ ಎಂಬುದು. ರೆಟಿನಾವನ್ನು ಎಷ್ಟು ಪರೀಕ್ಷಿಸಿದರೂ ಅದರಲ್ಲಿ ಈ ಮಾತು ಸಿಗುವುದಿಲ್ಲ.

ಆ ಊಹೆ ಬಂದದ್ದು ಕಡಲ ಹಾವಿನಿಂದ. ಹಲವು ಕಡಲ ಹಾವುಗಳ ಮೈಮೇಲೆ ಅಡ್ಡಪಟ್ಟೆಗಳಿರುತ್ತವೆ, ಅವುಗಳ ವಿಷ ಘೋರ. ಪಟ್ಟೆ ಎಂದರೆ ವಿಷ ಎಂದು ಶಾರ್ಕ್ ಕಲಿತಿರಬೇಕು ಎಂಬ ತರ್ಕ. 1970ರ ದಶಕದಲ್ಲೇ ವಾಲ್ಟರ್ ಸ್ಟಾರ್ಕ್ ಎಂಬ ಸಮುದ್ರಜೀವಿ ವಿಜ್ಞಾನಿ ಕಡಲ ಹಾವಿನ ಪಟ್ಟೆ ಬರೆದ ಸೂಟ್ ತೊಟ್ಟು ನೀರಿಗಿಳಿದಿದ್ದರು. ಶಾರ್ಕ್‌ಗಳ ಜೊತೆಗೇ ಈಜುವ ಪೈಲಟ್ ಮೀನಿನ ಮೈಮೇಲೂ ಪಟ್ಟೆಗಳಿವೆ, ಅದನ್ನು ಶಾರ್ಕ್ ತಿನ್ನುವುದಿಲ್ಲ ಎಂಬ ಉದಾಹರಣೆಯನ್ನೂ ಕೊಡುತ್ತಾರೆ.

ಕೇಳಲು ಚೆನ್ನಾಗಿದೆ. ತೊಡಕು ಏನೆಂದರೆ ಟೈಗರ್ ಶಾರ್ಕ್‌ಗೆ ಕಡಲ ಹಾವು ಇಷ್ಟದ ಊಟ. ಪಶ್ಚಿಮ ಆಸ್ಟ್ರೇಲಿಯಾದ್ದೇ ಆದ ಶಾರ್ಕ್ ಬೇ ಎಂಬಲ್ಲಿ ಹಿಡಿದ ಟೈಗರ್ ಶಾರ್ಕ್‌ಗಳ ಹೊಟ್ಟೆಯಲ್ಲಿ ಕಡಲ ಹಾವು ಮತ್ತೆ ಮತ್ತೆ ಸಿಕ್ಕಿದೆ. ಮನುಷ್ಯರನ್ನು ಕಚ್ಚುವ ದೊಡ್ಡ ಶಾರ್ಕ್‌ಗಳ ಪಟ್ಟಿಯಲ್ಲಿ ಟೈಗರ್ ಶಾರ್ಕ್ ಮೇಲಿನ ಸಾಲಿನಲ್ಲೇ ಇದೆ. ಅಂಥದ್ದರ ಎದುರು ಹಾವಿನ ವೇಷ ಹಾಕಿ ಹೋಗುವುದು ಬೆಕ್ಕಿನ ಎದುರು ಇಲಿಯ ವೇಷ ಹಾಕಿದಂತೆ. (ಟೈಗರ್ ಶಾರ್ಕ್‌ನ ಮೈಮೇಲೂ ಪಟ್ಟೆಗಳಿವೆ, ಹೆಸರು ಬಂದದ್ದೇ ಅದರಿಂದ. ಪಟ್ಟೆಗೆ ಹೆದರಬೇಕಾದರೆ ಮೊದಲು ತನ್ನ ಅಣ್ಣತಮ್ಮಂದಿರಿಗೆ ಹೆದರಬೇಕು.)

ಪಟ್ಟೆಗೆ ಎಲ್ಲೂ ಶಕ್ತಿಯೇ ಇಲ್ಲ ಎಂದೇನಲ್ಲ. ಕುದುರೆಗಳಿಗೆ ಜೀಬ್ರಾ ಪಟ್ಟೆಯ ಹೊದಿಕೆ ಹೊದಿಸಿದಾಗ ಅವುಗಳ ಮೇಲೆ ಕೂರುವ ಕುದುರೆನೊಣಗಳು ಕಡಿಮೆಯಾದವು ಎಂದು 2019ರ ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದಾಗಲೂ ನೊಣದ ಕಾಟ ಇಳಿಯಿತು. ಆದರೆ ನೊಣದ ಕಣ್ಣೇ ಬೇರೆ, ಶಾರ್ಕ್‌ನ ಕಣ್ಣೇ ಬೇರೆ. ಒಂದರ ಫಲವನ್ನು ಇನ್ನೊಂದಕ್ಕೆ ಹಚ್ಚಲಾಗದು.

ಕಿಟಕಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದು ನೋಡಿ

ಇನ್ನೂ ದೊಡ್ಡ ತೊಡಕು ಬೆಳಕಿನದು. ಗ್ರೇಟ್ ವೈಟ್ ಶಾರ್ಕ್ ಸೀಲ್‌ಗಳನ್ನು ಬೇಟೆಯಾಡುವಾಗ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಅಂದರೆ ಅದು ನೋಡುವುದು ಮೇಲ್ಗಡೆಯ ಬೆಳಗುವ ಆಕಾಶದ ಎದುರು ತೇಲುವ ಒಂದು ಆಕಾರವನ್ನು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮಧ್ಯಾಹ್ನ ದೀಪ ಹಾಕದೆ ಕಿಟಕಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆಯಿರಿ. ಹಿಂದಿನ ಬೆಳಕು ಜೋರಾಗಿದ್ದರೆ ನಿಮ್ಮ ಮುಖ ಕಪ್ಪಗೆ ಬರುತ್ತದೆ. ನಿಮ್ಮ ಶರ್ಟಿನ ಗೆರೆ, ಚೌಕಳಿ, ಹೂವು ಎಲ್ಲ ಮಾಯವಾಗಿ ಬರೀ ಆಕಾರ ಉಳಿಯುತ್ತದೆ. ಸೂಟ್‌ನ ಹೊಟ್ಟೆಯ ಭಾಗಕ್ಕೆ ಬಿಳಿ ಪಟ್ಟೆ ಬಳಿದರೂ ಕೆಳಗಿನಿಂದ ಅದಕ್ಕೆ ಬೀಳುವ ಬೆಳಕು ತೀರಾ ಕಡಿಮೆ. ಆಕಾಶದ ಎದುರು ಬಿಳಿ ಪಟ್ಟೆಯೂ ಹೆಚ್ಚುಕಡಿಮೆ ಕಪ್ಪೇ.

2021ರಲ್ಲಿ ಸಿಡ್ನಿಯ ಮೆಕ್ವಾರಿ ಯೂನಿವರ್ಸಿಟಿಯ ಲಾರಾ ರಯಾನ್ ಮತ್ತು ಜೊತೆಗಾರರು ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸಿದರು. ಸೀಲ್‌ಗಳು, ಈಜುವ ಮನುಷ್ಯರು, ಹಲಗೆಯ ಮೇಲೆ ಕೈ ಬೀಸುವ ಸರ್ಫರ್‌ಗಳನ್ನು ನೀರಿನಡಿಯಿಂದ ಚಿತ್ರೀಕರಿಸಿ, ಆ ದೃಶ್ಯಗಳನ್ನು ಮರಿ ಗ್ರೇಟ್ ವೈಟ್ ಶಾರ್ಕ್‌ನ ಕಣ್ಣಿಗೆ ಹೇಗೆ ಕಾಣುತ್ತವೋ ಹಾಗೆ ಕಂಪ್ಯೂಟರಿನಲ್ಲಿ ಮಾರ್ಪಡಿಸಿದರು. ಆಕಾರದಿಂದಲೂ ಚಲನೆಯಿಂದಲೂ ಮನುಷ್ಯ ಯಾವುದು, ಸೀಲ್ ಯಾವುದು ಎಂದು ಬಿಡಿಸಿ ಹೇಳುವುದು ಆ ಕಣ್ಣಿಗೆ ಕಷ್ಟ ಎಂದು ಕಂಡುಬಂತು. ಶಾರ್ಕ್ ನಮ್ಮನ್ನು ತಪ್ಪಾಗಿ ತಿಳಿದು ಕಚ್ಚುತ್ತದೆ ಎಂಬ ಹಳೆಯ ಮಾತಿಗೆ ಇದು ಬೆಂಬಲ. ಜೊತೆಗೆ, ಸೂಟ್‌ನ ಮೇಲಿನ ಚಿತ್ತಾರ ಆ ಕ್ಷಣದಲ್ಲಿ ಎಷ್ಟು ಉಪಯೋಗಕ್ಕೆ ಬರಬಹುದು ಎಂಬ ಅನುಮಾನಕ್ಕೂ ಬೆಂಬಲ.

ಅಲ್ಲದೆ ಶಾರ್ಕ್ ಕಣ್ಣನ್ನೊಂದೇ ನಂಬಿಕೊಂಡಿಲ್ಲ. ಮೂಗಿದೆ, ಕಿವಿಯಿದೆ, ನೀರಿನ ಅಲುಗಾಟವನ್ನು ಗ್ರಹಿಸುವ ಅಂಗ ಮೈಯುದ್ದಕ್ಕೂ ಇದೆ. ಮೂತಿಯ ಸುತ್ತ ಲೊರೆಂಜಿನಿ ರಂಧ್ರಗಳೆಂಬ ಪುಟ್ಟ ತೂತುಗಳಿದ್ದು, ಬೇಟೆಯ ಸ್ನಾಯುಗಳಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನು ಅವು ಹತ್ತಿರದಿಂದ ಹಿಡಿಯುತ್ತವೆ. ಬುಲ್ ಶಾರ್ಕ್ ನದಿ ಬಾಯಿಯ ಕದಡಿದ ನೀರಿನಲ್ಲೂ ಓಡಾಡುವ ಮೀನು. ಕೈ ಚಾಚಿದರೆ ಬೆರಳು ಕಾಣದ ನೀರಿನಲ್ಲಿ ಪಟ್ಟೆಯೇನು, ಪಟ್ಟೆ ಇಲ್ಲದ್ದೇನು?

ವಿಡಿಯೊದಲ್ಲಿ ಕಣ್ಣಾರೆ ನೋಡಿದೆವಲ್ಲ?

ಹೌದು, ವಿಡಿಯೊಗಳಿವೆ. ಮೀನಿನ ಆಹಾರ ತುಂಬಿದ ಡಬ್ಬಕ್ಕೆ ಒಮ್ಮೆ ಮಾಮೂಲಿ ಕಪ್ಪು ವೆಟ್‌ಸೂಟ್ ಬಟ್ಟೆ, ಇನ್ನೊಮ್ಮೆ ಪಟ್ಟೆ ಬಟ್ಟೆ ಸುತ್ತಿ ನೀರಿಗೆ ಬಿಡುತ್ತಾರೆ. ಕಪ್ಪಿನದಕ್ಕೆ ಶಾರ್ಕ್ ಬಾಯಿ ಹಾಕುತ್ತದೆ. ಪಟ್ಟೆಯದರ ಹತ್ತಿರ ಬಂದು ತಿರುಗಿ ಹೋಗುತ್ತದೆ. ಜೋಲಿ 2013ರಲ್ಲಿ ಮಾಡಿದ ಟೆಡ್‌ಎಕ್ಸ್ ಭಾಷಣದಲ್ಲಿ ಇಂಥ ದೃಶ್ಯಗಳನ್ನು ತೋರಿಸಿದ್ದರು. ಅವು ಕೃತಕವಲ್ಲ.

ಆದರೆ ಒಂದು ಶಾರ್ಕ್ ಒಂದು ಸಲ ತಿರುಗಿ ಹೋದದ್ದಕ್ಕೆ ಹತ್ತು ಕಾರಣಗಳಿರಬಹುದು. ಹೊಟ್ಟೆ ತುಂಬಿತ್ತೋ, ದೋಣಿಯ ಸದ್ದಿಗೆ ಬೆಚ್ಚಿತೋ, ಹೊಸ ವಸ್ತು ಎಂದು ಅನುಮಾನಿಸಿತೋ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೋ? ಇದನ್ನು ಬಿಡಿಸಲು ಹಲವು ಶಾರ್ಕ್, ಹಲವು ಸಲ, ಪಟ್ಟೆ ಇರುವ ಮತ್ತು ಇಲ್ಲದ ಎರಡನ್ನೂ ಒಂದೇ ರೀತಿಯಲ್ಲಿ ಒಡ್ಡಿ, ಲೆಕ್ಕ ಇಟ್ಟು, ಲಾಭನಷ್ಟ ಇಲ್ಲದವರೂ ನೋಡುವಂತೆ ಪ್ರಕಟಿಸಬೇಕು.

ಅಂಥ ಪರೀಕ್ಷೆ ಹೇಗಿರುತ್ತದೆ ಎಂಬುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ನೆಲದ ಮೇಲಿನದು. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸಿಂಹಗಳು ಜಾನುವಾರು ಹಿಡಿಯುವುದನ್ನು ತಪ್ಪಿಸಲು ಹಸುಗಳ ಹಿಂಭಾಗಕ್ಕೆ ದೊಡ್ಡ ಕಣ್ಣುಗಳ ಚಿತ್ರ ಬಳಿದರು. ಹೊಂಚು ಹಾಕುವ ಪ್ರಾಣಿ ‘ಇದು ನನ್ನನ್ನು ನೋಡಿಬಿಟ್ಟಿತು’ ಎಂದುಕೊಂಡು ಬಿಟ್ಟುಹೋಗಬಹುದು ಎಂಬ ಊಹೆ. ನಾಲ್ಕು ವರ್ಷ, 14 ಹಿಂಡು, 2,061 ಜಾನುವಾರು. ಪ್ರತಿ ಹಿಂಡಿನಲ್ಲೂ ಕೆಲವಕ್ಕೆ ಕಣ್ಣು, ಕೆಲವಕ್ಕೆ ಬರೀ ಅಡ್ಡ ಗೀಟಿನ ಗುರುತು, ಕೆಲವಕ್ಕೆ ಏನೂ ಇಲ್ಲ. ಏನೂ ಬಳಿಯದ 835ರಲ್ಲಿ 15 ಸತ್ತವು. ಗೀಟು ಬಳಿದ 543ರಲ್ಲಿ 4 ಸತ್ತವು. ಕಣ್ಣು ಬಳಿದ 683ರಲ್ಲಿ ಒಂದೂ ಸಾಯಲಿಲ್ಲ. 2020ರಲ್ಲಿ ಇದು ಪ್ರಕಟವಾಯಿತು.

ಆ ಗೀಟಿನ ಗುಂಪನ್ನು ಗಮನಿಸಿ. ಅದು ಇಲ್ಲದೆ ಹೋಗಿದ್ದರೆ ‘ಬಣ್ಣ ಬಳಿದದ್ದಕ್ಕೇ ಹೆದರಿತೋ, ಕಣ್ಣಿಗೇ ಹೆದರಿತೋ’ ಎಂಬುದು ತಿಳಿಯುತ್ತಲೇ ಇರಲಿಲ್ಲ. ಯಾವ ಗುರುತಾದರೂ ತುಸು ನೆರವಾಗಿದೆ, ಕಣ್ಣು ಇನ್ನೂ ಹೆಚ್ಚು ನೆರವಾಗಿದೆ. ಪಟ್ಟೆ ಸೂಟ್‌ಗೆ ಇಂಥ ಪರೀಕ್ಷೆಯ ಬೆಂಬಲವಿಲ್ಲ. ಅದನ್ನು ತೊಟ್ಟ ಮನುಷ್ಯರನ್ನು ಶಾರ್ಕ್ ಕಡಿಮೆ ಕಚ್ಚುತ್ತದೆ ಎಂದು ತೋರಿಸುವ ಲೆಕ್ಕವಂತೂ ಇಲ್ಲವೇ ಇಲ್ಲ.

‘ನಾನು ಹತ್ತು ವರ್ಷದಿಂದ ಪಟ್ಟೆ ಸೂಟ್ ಹಾಕುತ್ತೇನೆ, ಒಂದು ಸಲವೂ ಕಚ್ಚಿಲ್ಲ’ ಎನ್ನುವವರು ಸಿಗುತ್ತಾರೆ. ಪಟ್ಟೆ ಇಲ್ಲದ ಸೂಟ್ ಹಾಕಿದ ಕೋಟ್ಯಂತರ ಜನರನ್ನೂ ಶಾರ್ಕ್ ಕಚ್ಚಿಲ್ಲ. ಫ್ಲೋರಿಡಾದ ಅಂತರರಾಷ್ಟ್ರೀಯ ಶಾರ್ಕ್ ದಾಳಿ ದಾಖಲೆಯ ಪ್ರಕಾರ, ಮನುಷ್ಯರು ಕೆಣಕದೆಯೇ ಶಾರ್ಕ್ ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ 2023ರಲ್ಲಿ 69, 2024ರಲ್ಲಿ 47. ಇಷ್ಟು ಅಪರೂಪದ ಘಟನೆಯಿಂದ ಕಾಪಾಡುತ್ತೇನೆ ಎನ್ನುವ ಯಾವ ವಸ್ತುವೂ ಕೆಲಸ ಮಾಡಿದಂತೆಯೇ ಕಾಣುತ್ತದೆ. ಹೊಸ ಕಟ್ಟಡಕ್ಕೆ ಕಟ್ಟಿದ ದೃಷ್ಟಿಗೊಂಬೆಗೂ ಇದೇ ಅನುಕೂಲ.

ಇನ್ನೊಂದು ವಿಷಯ ಪ್ರಾಣಿಗಳ ಕಲಿಕೆ. ಹೊಲದ ಬೆದರುಗೊಂಬೆಯ ತಲೆಯ ಮೇಲೇ ಕಾಗೆ ಕೂತಿರುವುದನ್ನು ನೋಡದವರು ಯಾರು? 1980ರ ದಶಕದಲ್ಲಿ ಸುಂದರಬನದಲ್ಲಿ ಜೇನು, ಸೌದೆಗೆಂದು ಕಾಡಿಗೆ ಹೋಗುವವರಿಗೆ ತಲೆಯ ಹಿಂಬದಿಗೆ ಕಟ್ಟಿಕೊಳ್ಳಲು ಮನುಷ್ಯ ಮುಖದ ಮುಖವಾಡ ಕೊಟ್ಟಿದ್ದರು. ಹುಲಿ ಹಿಂದಿನಿಂದ ಎರಗುತ್ತದೆ, ಮುಖ ಕಂಡರೆ ಹಿಂಜರಿಯುತ್ತದೆ ಎಂಬ ಲೆಕ್ಕ. ಮೊದಮೊದಲು ಚೆನ್ನಾಗಿಯೇ ಫಲ ಕೊಟ್ಟ ಉಪಾಯ, ಬರುಬರುತ್ತ ಹುಲಿಗಳು ಒಗ್ಗಿಕೊಂಡು ಸಪ್ಪೆಯಾಯಿತು ಎಂಬ ವರದಿಗಳಿವೆ.

ಪರೀಕ್ಷೆಗೆ ನಿಂತ ಉಪಾಯಗಳು

ಹಾಗಾದರೆ ಯಾವುದೂ ಕೆಲಸ ಮಾಡುವುದಿಲ್ಲವೇ? ಮಾಡುತ್ತವೆ, ಆದರೆ ಜಾಹೀರಾತಿನಷ್ಟು ಅಲ್ಲ.

ಆಸ್ಟ್ರೇಲಿಯಾದ ಫ್ಲಿಂಡರ್ಸ್ ಯೂನಿವರ್ಸಿಟಿಯ ಚಾರ್ಲಿ ಹ್ಯೂವನಿಯರ್ಸ್ ತಂಡ ಸರ್ಫರ್‌ಗಳಿಗಾಗಿ ಮಾರುಕಟ್ಟೆಯಲ್ಲಿದ್ದ ಐದು ಸಾಧನಗಳನ್ನು ಗ್ರೇಟ್ ವೈಟ್ ಶಾರ್ಕ್‌ಗಳ ಎದುರು ಒಡ್ಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ವಿದ್ಯುತ್ ಸಾಧನ, ಎರಡು ಅಯಸ್ಕಾಂತದವು, ಒಂದು ವಾಸನೆಯ ಮೇಣ. ಹಲಗೆಯ ಕೆಳಗೆ ಮೀನಿನ ತುಂಡು ಕಟ್ಟಿ ಬಿಟ್ಟರು. 44 ಶಾರ್ಕ್, 297 ಪ್ರಯೋಗ. ಸಾಧನ ಇಲ್ಲದಾಗ ನೂರರಲ್ಲಿ 96 ಸಲ ಮೀನು ಶಾರ್ಕ್‌ನ ಪಾಲಾಯಿತು. ಹಲಗೆಗೆ ಅಂಟಿಸುವ ಒಂದು ವಿದ್ಯುತ್ ಸಾಧನ ಚಾಲೂ ಇದ್ದಾಗ ಅದು 40ಕ್ಕೆ ಇಳಿಯಿತು. ಉಳಿದ ನಾಲ್ಕರಿಂದ ಹೇಳಿಕೊಳ್ಳುವ ಫಲವಿಲ್ಲ. ಎಲ್ಲಕ್ಕಿಂತ ಚೆನ್ನಾದ ಸಾಧನವಿದ್ದರೂ ಹತ್ತರಲ್ಲಿ ನಾಲ್ಕು ಸಲ ಶಾರ್ಕ್ ಬಾಯಿ ಹಾಕಿತು ಎಂಬುದನ್ನೂ ನೆನಪಿಡಿ. ವಿದ್ಯುತ್ ಸಾಧನ ನಾಟಲು ಕಾರಣ ಸರಳ: ಅದು ಶಾರ್ಕ್‌ನ ಲೊರೆಂಜಿನಿ ರಂಧ್ರಗಳನ್ನೇ ಹಿಡಿದು ಕುಟುಕುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಜನರಿಗೆ ಖರೀದಿಗೆಂದು 200 ಡಾಲರ್ ರಿಯಾಯಿತಿ ಕೊಟ್ಟದ್ದೂ ಇಂಥ ವಿದ್ಯುತ್ ಸಾಧನಗಳಿಗೇ.

ಪಟ್ಟೆಗಳ ಕಥೆಗೂ ಒಂದು ಕುತೂಹಲದ ತಿರುವು ಬಂದಿದೆ. ಲಾರಾ ರಯಾನ್ ಮತ್ತು ಅದೇ ನೇಥನ್ ಹಾರ್ಟ್ ಇರುವ ತಂಡ ದಕ್ಷಿಣ ಆಫ್ರಿಕಾದ ಮೋಸಲ್ ಬೇಯಲ್ಲಿ ಸೀಲ್ ಆಕಾರದ ಗೊಂಬೆಗಳನ್ನು ದೋಣಿಗೆ ಕಟ್ಟಿ ಎಳೆಯಿತು. ಗೊಂಬೆಗಳ ಹೊಟ್ಟೆಯಡಿ ಎಲ್‌ಇಡಿ ದೀಪಗಳಿದ್ದವು. ಬಣ್ಣ ಬಳಿದರೆ ಕೆಳಗಿನಿಂದ ಕಪ್ಪಾಗಿಯೇ ಕಾಣುತ್ತದೆ, ದೀಪ ಹಚ್ಚಿದರೆ ಹಾಗಲ್ಲ ಎಂಬುದು ಯೋಚನೆ. ಹೊಟ್ಟೆಯಡಿ ಬೆಳಕು ಬೀರಿ ತಮ್ಮ ನೆರಳನ್ನು ಅಳಿಸಿಕೊಳ್ಳುವ ಮೀನುಗಳು ಸಮುದ್ರದಲ್ಲಿ ಇವೆ. 2024ರಲ್ಲಿ ಪ್ರಕಟವಾದ ಫಲಿತಾಂಶ: ದೀಪ ಹಚ್ಚಿದಾಗ ಗ್ರೇಟ್ ವೈಟ್ ಶಾರ್ಕ್‌ಗಳ ದಾಳಿ ಕಡಿಮೆಯಾಯಿತು, ದೀಪ ಪ್ರಖರವಾದಷ್ಟೂ ಫಲ ಹೆಚ್ಚು. ದೀಪಗಳನ್ನು ಸಾಗುವ ದಿಕ್ಕಿಗೆ ಅಡ್ಡಲಾಗಿ ಪಟ್ಟೆ ಪಟ್ಟೆಯಾಗಿ ಜೋಡಿಸಿದ್ದು, ಉದ್ದುದ್ದಕ್ಕೆ ಜೋಡಿಸಿದ್ದಕ್ಕಿಂತ ಚೆನ್ನಾಗಿ ನಾಟಿತು. ಅಡ್ಡ ಪಟ್ಟೆ ಸೀಲ್‌ನ ಆಕಾರವನ್ನು ತುಂಡು ತುಂಡು ಮಾಡಿತೆಂದು ತೋರುತ್ತದೆ.

ಅಂದರೆ ಹತ್ತು ವರ್ಷದ ಹಿಂದಿನ ಪಟ್ಟೆಯ ಊಹೆಯಲ್ಲಿ ಒಂದು ಎಳೆ ನಿಜವಿತ್ತು, ಆದರೆ ಅದು ಹೊಳೆಯುವ ಪಟ್ಟೆ, ಬಟ್ಟೆಯ ಮೇಲಿನ ಪಟ್ಟೆಯಲ್ಲ. ಇದೂ ಗೊಂಬೆಯ ಮೇಲೆ, ಒಂದೇ ಜಾತಿಯ ಶಾರ್ಕ್ ಮೇಲೆ ನಡೆದ ಪ್ರಯೋಗ. ಟೈಗರ್, ಬುಲ್ ಶಾರ್ಕ್‌ಗಳ ಬೇಟೆಯ ರೀತಿಯೇ ಬೇರೆ. ಈ ಸುದ್ದಿಯನ್ನು ‘ಪಟ್ಟೆ ಸೂಟ್ ಕೆಲಸ ಮಾಡುತ್ತದೆ ಎಂದು ಸಾಬೀತು’ ಎಂದು ಯಾರಾದರೂ ಕಳಿಸಿದರೆ ಈ ವ್ಯತ್ಯಾಸ ಹೇಳಿ.

ಮೂರನೆಯದು ಶಾರ್ಕ್ ಓಡಿಸುವ ಉಪಾಯವೇ ಅಲ್ಲ. ಹಲ್ಲು ನಾಟದಂಥ ಗಟ್ಟಿ ನಾರು ಸೇರಿಸಿ ನೇಯ್ದ ವೆಟ್‌ಸೂಟ್‌ಗಳು ಬಂದಿವೆ. ಫ್ಲಿಂಡರ್ಸ್ ತಂಡ ಇಂಥ ನಾಲ್ಕು ಬಗೆಯ ಬಟ್ಟೆಗಳನ್ನು ಗ್ರೇಟ್ ವೈಟ್ ಮತ್ತು ಟೈಗರ್ ಶಾರ್ಕ್‌ಗಳಿಂದಲೇ ಕಚ್ಚಿಸಿ ನೋಡಿ 2025ರಲ್ಲಿ ವರದಿ ಮಾಡಿತು. ಮಾಮೂಲಿ ನಿಯೋಪ್ರೀನ್‌ಗೆ ಹೋಲಿಸಿದರೆ ಆಳವಾದ ಗಾಯದಂಥ ಹರಿತ ಕಡಿಮೆಯಾಯಿತು. ಶಾರ್ಕ್ ಕಚ್ಚಿ ಸಾಯುವವರು ಹೆಚ್ಚಾಗಿ ರಕ್ತ ಸುರಿದು ಸಾಯುವುದರಿಂದ ಇದು ಸಣ್ಣ ಲಾಭವಲ್ಲ. ಒಳಗಿನ ಮೂಳೆ, ಅಂಗಗಳು ಜಜ್ಜಿಹೋಗುವುದನ್ನು ಮಾತ್ರ ಬಟ್ಟೆ ತಡೆಯಲಾರದು.

ನಮ್ಮ ಕರಾವಳಿಯ ಮಾತು

ಮಂಗಳೂರು, ಮಲ್ಪೆ, ಕಾರವಾರದ ಕಡೆಯವರಿಗೆ ಶಾರ್ಕ್ ಹೊಸದಲ್ಲ. ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ ಎಂದು ಮೀನು ಮಾರುಕಟ್ಟೆಯಲ್ಲೇ ಸಿಗುತ್ತದೆ. ಇಲ್ಲಿ ಶಾರ್ಕ್ ನಮ್ಮನ್ನು ತಿನ್ನುವುದಕ್ಕಿಂತ ನಾವು ಅದನ್ನು ತಿಂದದ್ದೇ ಹೆಚ್ಚು. ಜಗತ್ತಿನ ಲೆಕ್ಕವೂ ಹಾಗೇ ಇದೆ: 2019ರಲ್ಲಿ ಮೀನುಗಾರಿಕೆಯಲ್ಲಿ ಸತ್ತ ಶಾರ್ಕ್‌ಗಳು ಸುಮಾರು 8 ಕೋಟಿ ಎಂಬ ಅಂದಾಜಿದೆ. ಅತಿ ದೊಡ್ಡದಾದ ತಿಮಿಂಗಿಲ ಶಾರ್ಕ್ ತಿನ್ನುವುದು ನೀರಿನಿಂದ ಸೋಸಿದ ಸಣ್ಣಪುಟ್ಟ ಜೀವಿಗಳನ್ನು. 2001ರಿಂದ ಅದಕ್ಕೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹುಲಿಗೆ ಇರುವಷ್ಟೇ. ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಶಾರ್ಕ್ ಕಂಡರೆ ಅದು ಅದೃಷ್ಟ. ಅದಕ್ಕಾಗಿ ಪಟ್ಟೆ ಸೂಟ್ ಹುಡುಕುವ ಅಗತ್ಯವಿಲ್ಲ, ಜೊತೆಗಿರುವ ತರಬೇತುದಾರ ಹೇಳಿದಂತೆ ಕೇಳಿದರೆ ಸಾಕು.

ಸಮುದ್ರದಲ್ಲಿ ಜೀವ ತೆಗೆಯುವುದು ಬೇರೆಯೇ. ಶಾರ್ಕ್‌ಗಳ ನಾಡೆನಿಸಿದ ಆಸ್ಟ್ರೇಲಿಯಾದಲ್ಲೇ ರಿಪ್ ಕರೆಂಟ್, ಅಂದರೆ ದಡದಿಂದ ಆಳಕ್ಕೆ ಎಳೆದೊಯ್ಯುವ ಸೆಳವು, ವರ್ಷಕ್ಕೆ ಸರಾಸರಿ 21 ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು ಎಂದು 2013ರ ಅಧ್ಯಯನವೊಂದು ಲೆಕ್ಕ ಹಾಕಿತು. ಅದೇ ಅವಧಿಯಲ್ಲಿ ಶಾರ್ಕ್‌ನಿಂದ ಸತ್ತವರು ವರ್ಷಕ್ಕೆ ಸರಾಸರಿ ಒಬ್ಬರು. ನಮ್ಮಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡದ್ದು ಇನ್ನೂ ಮರೆತಿರಲಾರಿರಿ.

ಆ ಸೆಳವು ನೋಡಲು ಭಯಂಕರವಾಗಿರುವುದಿಲ್ಲ, ಅದೇ ಅದರ ಮೋಸ. ಎರಡೂ ಬದಿಯಲ್ಲಿ ಅಲೆಗಳು ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಅಲೆಯೇ ಒಡೆಯದೆ ಸಮಾಧಾನವಾಗಿ ಕಾಣುವ ಪಟ್ಟಿ ಇದ್ದರೆ, ಹೆಚ್ಚಾಗಿ ಅದೇ ಸೆಳವು ಇರುವ ಜಾಗ. ಮಕ್ಕಳನ್ನು ‘ಇಲ್ಲಿ ಅಲೆ ಕಡಿಮೆ’ ಎಂದು ಅಲ್ಲಿಗೇ ಇಳಿಸುವವರಿದ್ದಾರೆ. ಅದರಲ್ಲಿ ಸಿಕ್ಕಿಕೊಂಡರೆ ದಡದತ್ತ ನೇರವಾಗಿ ಈಜಲು ಹೋಗಬೇಡಿ, ಸುಸ್ತಾಗುವುದೇ ಆಗ. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ದಾಟಿದ ಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ಒದ್ದಾಡದೆ, ತೇಲಲು ಪ್ರಯತ್ನಿಸುತ್ತ ಕೈ ಎತ್ತಿ ಕೂಗಬೇಕು. ದಡದಲ್ಲಿದ್ದವರು ಹಿಂದೆಯೇ ಧುಮುಕಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು, ತೇಲುವುದು ಏನು ಸಿಕ್ಕರೂ ಎಸೆದು ಜೀವರಕ್ಷಕರನ್ನು ಕರೆಯಬೇಕು.